ಮನೆಯವರ ಹೋಟೆಲನ್ನು ಮೊದಲ ಕನಸಿನ ದಾರಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಮಂದಿ ಸೇರಿ ನಡೆಸುವ ಹೋಟೆಲು ಯಾರದೋ ಒಂದು ಆಸೆಯಿಂದ ಶುರುವಾಗಿರುತ್ತದೆ. ಆಮೇಲೆ ಬಾಡಿಗೆ, ಮಕ್ಕಳ ಫೀಸು, ಎದುರಿಗೆ ತೆರೆದ ಇನ್ನೊಂದು ಹೋಟೆಲು, ಹೀಗೆ ಒಂದೊಂದೇ ಕಾರಣಕ್ಕೆ ಅದು ಬೇರೆ ಏನೋ ಆಗಿಬಿಡುತ್ತದೆ. ಎಷ್ಟೋ ವರ್ಷ ಕಳೆದ ಮೇಲೆ ಮನೆಯಲ್ಲಿ ಒಬ್ಬರಿಗೆ ಅನ್ನಿಸುತ್ತದೆ, ನಾವು ಮಾಡಬೇಕು ಅಂದುಕೊಂಡಿದ್ದು ಇದಲ್ಲವಲ್ಲ ಎಂದು. ಆ ಹಂತದಲ್ಲಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಹೊಸದಾಗಿ ಸೇರಿಸುವುದು ಕಡಿಮೆ, ತೆಗೆದುಹಾಕುವುದೇ ಹೆಚ್ಚು.

ಮೊದಲ ಕನಸು ಅನ್ನುತ್ತೀರಿ. ನಮ್ಮಲ್ಲಿ ಹಾಗೊಂದು ಇತ್ತೋ ಇಲ್ಲವೋ ಅನ್ನುವುದೇ ಗೊತ್ತಿಲ್ಲ. ಹೇಗೆ ಕಂಡುಹಿಡಿಯುವುದು?

ಹೋಟೆಲು ಶುರುಮಾಡಿದವರು ಇನ್ನೂ ಇದ್ದರೆ ಅವರನ್ನೇ ಕೇಳಿ. ಆದರೆ "ನಿಮ್ಮ ಕನಸು ಏನಾಗಿತ್ತು" ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ "ನಾಲ್ಕು ಜನಕ್ಕೆ ಒಳ್ಳೆ ಊಟ ಹಾಕಬೇಕು ಅಂತಿತ್ತು" ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದನ್ನು ಹಿಡಿದುಕೊಂಡು ಕೆಲಸ ಮಾಡಲು ಆಗುವುದಿಲ್ಲ. ಸಣ್ಣಸಣ್ಣ ವಿಷಯ ಕೇಳಿ. ಮೊದಲ ದಿನ ಏನೇನು ಮಾಡಿದ್ದಿರಿ? ಯಾವ ಸಾಮಾನು ಕೊಳ್ಳುವಾಗ ದುಡ್ಡಿನ ಮುಖ ನೋಡಲಿಲ್ಲ? ಯಾರು ಊಟಕ್ಕೆ ಬಂದರೆ ಒಳಗಿಂದ ಎದ್ದು ಬಂದು ಮಾತಾಡಿಸುತ್ತಿದ್ದಿರಿ? ಮೊದಲು ಮಾಡುತ್ತಿದ್ದು, ಆಮೇಲೆ ಬೇಸರದಿಂದ ನಿಲ್ಲಿಸಿದ್ದು ಯಾವುದು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಕನಸು ಹೆಚ್ಚಾಗಿ ಸಿಕ್ಕಿಬಿಡುತ್ತದೆ. ಮನಸ್ಸು ನೊಂದ ಜಾಗ ಎಲ್ಲರಿಗೂ ನೆನಪಿರುತ್ತದೆ.

ಶುರುಮಾಡಿದವರು ಈಗ ಇಲ್ಲ ಅಂದರೆ ಹಳೇ ಮೆನು ಕಾರ್ಡು, ಮೊದಲ ವರ್ಷಗಳ ಲೆಕ್ಕದ ಪುಸ್ತಕ, ಉದ್ಘಾಟನೆಯ ಫೋಟೋ, ಅವತ್ತಿನಿಂದ ಬರುತ್ತಿರುವ ಗಿರಾಕಿಗಳು, ಇಷ್ಟು ಸಾಕು. ಲೆಕ್ಕದ ಪುಸ್ತಕವನ್ನು ಜನ ಮರೆತುಬಿಡುತ್ತಾರೆ. ದಿನಸಿಗೆ ಎಷ್ಟು, ಯಾವ ಅಂಗಡಿಯಿಂದ, ಯಾವುದಕ್ಕೆ ಹೆಚ್ಚು ಕೊಟ್ಟಿದ್ದಾರೆ ಅನ್ನುವುದನ್ನು ನೋಡಿದರೆ ಅವರ ಮನಸ್ಸು ಎಲ್ಲಿತ್ತು ಎಂದು ತಿಳಿಯುತ್ತದೆ.

ಸಿಕ್ಕಿದ್ದನ್ನು ಎರಡು ಮೂರು ಸಾಲಿನಲ್ಲಿ ಬರೆಯಿರಿ. ಬರೆದದ್ದನ್ನು ಓದಿದ ಅಡುಗೆಯವರಿಗೆ ನಾಳೆ ಬೆಳಿಗ್ಗೆ ಏನು ಬೇರೆ ಥರ ಮಾಡಬೇಕು ಎಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಇನ್ನೊಮ್ಮೆ ಬರೆಯಿರಿ.

ಅದು ಅಪ್ಪ ಅಮ್ಮನ ಕನಸು. ನನ್ನದು ಬೇರೆ. ಯಾರದನ್ನು ಹಿಡಿಯಬೇಕು?

ದುಡಿಯುವವರು ಯಾರೋ ಅವರದು. ಇನ್ನೊಬ್ಬರ ಕನಸನ್ನು ಕರ್ತವ್ಯ ಎಂದುಕೊಂಡು ಬೆಳಿಗ್ಗೆ ಐದಕ್ಕೆ ಏಳುವುದು ಬಹಳ ದಿನ ನಡೆಯುವುದಿಲ್ಲ.

ಹಾಗೆಂದು ಹಳೆಯದನ್ನು ಕೆಡವಲೇಬೇಕು ಅಂತಲ್ಲ. ಸ್ಪೇನಿನ ಜಿರೋನಾ ಪಟ್ಟಣದಲ್ಲಿ ರೋಕಾ ದಂಪತಿ 1967ರಲ್ಲಿ ಕಾನ್ ರೋಕಾ ಎಂಬ ಸಾಧಾರಣ ಊಟದ ಹೋಟೆಲು ತೆರೆದರು. ಅವರ ಮಕ್ಕಳು 1986ರಲ್ಲಿ ಅದರ ಪಕ್ಕದಲ್ಲೇ ತಮ್ಮ ಮನಸ್ಸಿನ ಹೋಟೆಲನ್ನು ಬೇರೆಯಾಗಿ ಶುರುಮಾಡಿದರು. ಅದೇ ಎಲ್ ಸೆಲ್ಲರ್ ಡಿ ಕಾನ್ ರೋಕಾ. ಮೂವರು ಅಣ್ಣತಮ್ಮಂದಿರಲ್ಲಿ ಜೋವಾನ್‌ಗೆ ಅಡುಗೆ, ಜೋಸೆಪ್‌ಗೆ ಪಾನೀಯ, ಜೋರ್ಡಿಗೆ ಸಿಹಿ ಎಂದು ಕೆಲಸ ಹಂಚಿಹೋಯಿತು. 2007ರಲ್ಲಿ ಸಮೀಪದ ದೊಡ್ಡ ಜಾಗಕ್ಕೆ ಹೋದರು. 2013 ಮತ್ತು 2015ರಲ್ಲಿ ಜಗತ್ತಿನ 50 ಉತ್ತಮ ಹೋಟೆಲುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದರು. ಇಷ್ಟೆಲ್ಲ ಆದ ಮೇಲೂ ಅಮ್ಮನ ಹೋಟೆಲು ಇದ್ದ ಹಾಗೇ ನಡೆಯಿತು, ಮಕ್ಕಳ ಹೋಟೆಲಿನ ಕೆಲಸಗಾರರು ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದರು. ಪಟ್ಟಿಯ ಮೊದಲ ಸ್ಥಾನಕ್ಕಿಂತ ನನಗೆ ಈ ಊಟದ ವಿಷಯವೇ ದೊಡ್ಡದಾಗಿ ಕಾಣುತ್ತದೆ.

ಪಕ್ಕದಲ್ಲಿ ಇನ್ನೊಂದು ಜಾಗ ಎಲ್ಲರಿಗೂ ಸಿಗುವುದಿಲ್ಲ. ಆದರೆ ಹೊತ್ತನ್ನು ಹಂಚಿಕೊಳ್ಳಬಹುದು. ಹಗಲು ಹಳೇ ಊಟ, ವಾರದಲ್ಲಿ ಎರಡು ಸಂಜೆ ನಿಮ್ಮ ಹೊಸ ಊಟ. ಮನೆಯವರಿಗೂ ಅಭ್ಯಾಸವಾಗುತ್ತದೆ, ನಿಮಗೂ ನಿಮ್ಮ ಆಸೆ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಬದಲಾಯಿಸಬೇಕೇ?

ನಡೆಯುತ್ತಿರುವಾಗಲೇ ಬದಲಾಯಿಸಿ. ಕೈಯಲ್ಲಿ ಕಾಸಿಲ್ಲದಾಗ ಹೊರಟರೆ ಮೊದಲ ಕೆಟ್ಟ ತಿಂಗಳಿಗೇ ಹಿಂದಕ್ಕೆ ಬರಬೇಕಾಗುತ್ತದೆ.

ನಾವು ದಾರಿ ತಪ್ಪಿದ್ದು ಎಲ್ಲಿ ಎಂದು ಹೇಗೆ ಗೊತ್ತಾಗುತ್ತದೆ?

ಒಂದು ಇಡೀ ದಿನ ಗಲ್ಲಾ ಬಿಟ್ಟು, ತಟ್ಟೆ ತೊಳೆಯುವ ಜಾಗದಲ್ಲಿ ನಿಲ್ಲಿ. ಹೊರಗೆ "ಊಟ ಹೇಗಿತ್ತು" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ತಟ್ಟೆ ಹಾಗೆ ಹೇಳುವುದಿಲ್ಲ. ಒಂದೇ ಪಲ್ಯ ಹತ್ತು ತಟ್ಟೆಯಲ್ಲೂ ಅಂಚಿಗೆ ಸರಿದು ಕೂತಿರುತ್ತದೆ, ಒಂದು ಬಟ್ಟಲು ಮಾತ್ರ ಯಾವಾಗಲೂ ಬೆರಳಿನಿಂದ ಬಳಿದಷ್ಟು ಖಾಲಿ ಬರುತ್ತದೆ. ತೊಳೆಯುವವರನ್ನು ಕೇಳಿ ನೋಡಿ. ಅವರಿಗೆ ಇದೆಲ್ಲ ವರ್ಷಗಳಿಂದ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಆಮೇಲೆ ಫ್ರಿಜ್ಜು ತೆಗೆಯಿರಿ. ಹಿಂದೆ, ಮೂಲೆಯಲ್ಲಿ, ವಾರಕ್ಕೆ ಎರಡು ಸಲ ಮಾತ್ರ ಕೇಳುವ ಐಟಂಗಾಗಿ ಅರೆದಿಟ್ಟ ಮಸಾಲೆಯ ಡಬ್ಬಿಗಳು ಸಾಲಾಗಿ ಇರುತ್ತವೆ. ಒಂದೊಂದರ ಹಿಂದೆಯೂ ಒಂದು ಕಥೆ ಇದೆ. ಯಾರೋ ಕಾಯಂ ಗಿರಾಕಿ ಕೇಳಿದರು, ಎದುರು ಹೋಟೆಲಿನವರು ಶುರುಮಾಡಿದರು, ಒಂದು ಮದುವೆ ಆರ್ಡರಿಗೆ ಮಾಡಿದ್ದು ಹಾಗೇ ಉಳಿಯಿತು. ಆ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮನೆಯವರೆಲ್ಲ ಸುತ್ತ ಕೂತು, ಯಾವುದು ಯಾಕೆ ಬಂತು ಎಂದು ಮಾತಾಡಿ. ನಿಮ್ಮ ಹೋಟೆಲಿನ ಚರಿತ್ರೆ ಅಲ್ಲಿದೆ.

ಮೆನು ಎಷ್ಟು ಇಳಿಸಬೇಕು? ಕಡಿಮೆ ಮಾಡಿದರೆ ವ್ಯಾಪಾರ ಬೀಳುವುದಿಲ್ಲವೇ?

ಬೀಳಬಹುದು, ಸ್ವಲ್ಪ ದಿನ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮೆಕ್‌ಡೊನಾಲ್ಡ್ ಸಹೋದರರದು. ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ 1940ರಲ್ಲಿ ತೆರೆದ ಅವರ ಹೋಟೆಲು ಜೋರಾಗಿ ನಡೆಯುತ್ತಿತ್ತು. ಬಿಲ್ಲುಗಳನ್ನು ನೋಡಿದಾಗ ಮಾರಾಟದ ದೊಡ್ಡ ಪಾಲು ಹ್ಯಾಂಬರ್ಗರ್‌ನದೇ ಎಂದು ಗೊತ್ತಾಯಿತು. 1948ರಲ್ಲಿ ಹೋಟೆಲನ್ನು ಕೆಲವು ತಿಂಗಳು ಮುಚ್ಚಿ, ಅಡುಗೆಮನೆಯನ್ನು ಹೊಸದಾಗಿ ಜೋಡಿಸಿ, ಬರೀ ಒಂಬತ್ತು ಐಟಂ ಇಟ್ಟುಕೊಂಡು ಮತ್ತೆ ತೆರೆದರು. ಮೊದಮೊದಲು ಹಳೇ ಗಿರಾಕಿಗಳು ಬರಲಿಲ್ಲ, ವ್ಯಾಪಾರ ಕುಸಿಯಿತು. ತಿಂಗಳುಗಳು ಕಳೆದ ಮೇಲೆ ಜನ ಬಂದರು. ಅವರ ಕನಸು ವೇಗದ್ದು, ನಿಮ್ಮದು ಅದಾಗಿರಬೇಕಿಲ್ಲ. ಬಿಲ್ಲು ನೋಡಿ ತೀರ್ಮಾನಿಸಿದ್ದು, ಕುಸಿದಾಗ ಕೈಚೆಲ್ಲದಿದ್ದದ್ದು, ಈ ಎರಡನ್ನು ತೆಗೆದುಕೊಂಡರೆ ಸಾಕು.

ನಿಮ್ಮ ಲೆಕ್ಕಕ್ಕೆ ಒಂದು ಸುಲಭದ ವಿಧಾನ ಇದೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಕಸವಾನ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಕೊಟ್ಟದ್ದು. ಪ್ರತಿ ಐಟಂ ಬಗ್ಗೆ ಎರಡೇ ಸಂಗತಿ ನೋಡಿ: ಎಷ್ಟು ಹೋಗುತ್ತದೆ, ಒಂದು ಪ್ಲೇಟಿನಲ್ಲಿ ಸಾಮಾನಿನ ಖರ್ಚು ಕಳೆದು ಎಷ್ಟು ಉಳಿಯುತ್ತದೆ. ಮೆನುವಿನಲ್ಲಿ 20 ಐಟಂ ಇದ್ದರೆ ಒಂದೊಂದರ ಸರಾಸರಿ ಪಾಲು ಶೇ 5. ಅದರ ಶೇ 70, ಅಂದರೆ ಒಟ್ಟು ಮಾರಾಟದ ಶೇ 3.5ರಷ್ಟಾದರೂ ಹೋದರೆ ಅದು ಜನ ಕೇಳುವ ಐಟಂ. ಉಳಿಕೆ ಎಲ್ಲ ಐಟಂಗಳ ಸರಾಸರಿಗಿಂತ ಮೇಲಿದ್ದರೆ ಅದು ದುಡ್ಡು ಕೊಡುವ ಐಟಂ. ಎರಡೂ ಇದ್ದರೆ ಮುಟ್ಟಬೇಡಿ. ಹೋಗುತ್ತದೆ, ಉಳಿಯುವುದಿಲ್ಲ ಅಂದರೆ ಬೆಲೆ ಅಥವಾ ಅಳತೆ ಸರಿಮಾಡಿ. ಉಳಿಯುತ್ತದೆ, ಹೋಗುವುದಿಲ್ಲ ಅಂದರೆ ಮೆನುವಿನಲ್ಲಿ ಮೇಲಕ್ಕೆ ತನ್ನಿ, ಸಪ್ಲೈಯರ್ ಬಾಯಲ್ಲಿ ಅದರ ಹೆಸರು ಬರಲಿ. ಎರಡೂ ಇಲ್ಲದ್ದು ಹೋಗಲಿ.

ಇದಕ್ಕೆ ನಾನು ಮೂರನೇ ಪ್ರಶ್ನೆ ಸೇರಿಸುತ್ತೇನೆ: ನೀವು ಬರೆದಿಟ್ಟುಕೊಂಡ ಆ ಎರಡು ಮೂರು ಸಾಲಿಗೆ ಈ ಐಟಂ ಹೊಂದುತ್ತದೆಯೇ? ಹೊಂದುವಂಥದ್ದು ಲೆಕ್ಕದಲ್ಲಿ ಸೋತರೂ ಒಂದೆರಡನ್ನು ಉಳಿಸಿಕೊಳ್ಳಿ. ಹೊಂದದೇ ಇರುವುದು ಚೆನ್ನಾಗಿ ದುಡಿಯುತ್ತಿದ್ದರೆ ತಕ್ಷಣ ತೆಗೆಯಬೇಡಿ, ಹೊಸ ಮೆನು ಕಾಲೂರುವ ತನಕ ಬಾಡಿಗೆ ಕಟ್ಟುವುದು ಅದೇ.

ಮೆನು ಚಿಕ್ಕದಾದರೆ ಇನ್ನೊಂದು ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಅರ್ಧ ಬೇಯಿಸಿ ಇಟ್ಟ ಪದಾರ್ಥ ಕಡಿಮೆಯಾಗುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹಾಗೇ ಹೊರಗೆ ಬಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿ ಇಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರವತ್ತು ಐಟಂ ಇರುವ ಪುಟ್ಟ ಅಡುಗೆಮನೆಯಲ್ಲಿ ಇದನ್ನು ಪಾಲಿಸುವುದು ಬಹಳ ಕಷ್ಟ.

ಅಪ್ಪ ಒಪ್ಪುತ್ತಿಲ್ಲ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಬಹಳ ಸಲ ಅಪ್ಪನಿಗೆ ಬದಲಾವಣೆಯ ಬಗ್ಗೆ ಅಷ್ಟು ವಿರೋಧ ಇರುವುದಿಲ್ಲ. "ಇಷ್ಟು ವರ್ಷ ನೀವು ಮಾಡಿದ್ದು ತಪ್ಪು" ಎಂದು ಮಗನೋ ಮಗಳೋ ಹೇಳುತ್ತಿದ್ದಾರೆ ಎಂದು ಅವರಿಗೆ ಕೇಳಿಸುತ್ತಿರುತ್ತದೆ. ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು, ಸಾಲ ತೀರಿಸಿದ್ದು ಎಲ್ಲ ಅದೇ ಹೋಟೆಲಿನಿಂದ. ಅವರು ಕನಸು ಬಿಟ್ಟಿದ್ದರೆ ನಿಮಗಾಗಿ ಬಿಟ್ಟಿದ್ದಾರೆ. ಅದನ್ನು ಬಾಯಿಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಹೇಳುವ ರೂಢಿ ಕಡಿಮೆ, ಅದಕ್ಕೇ ಹೇಳಬೇಕು.

ಆಮೇಲೆ ಅವರ ಭಯವನ್ನು ಅಂಕಿಗೆ ಇಳಿಸಿ. "ನಷ್ಟವಾದರೆ?" ಅಂದಾಗ "ಆಗಲ್ಲ ಬಿಡಿ ಅಪ್ಪಾ" ಅನ್ನಬೇಡಿ. ಎಷ್ಟು ನಷ್ಟದ ತನಕ ಹೋಗೋಣ, ಎಲ್ಲಿ ನಿಲ್ಲಿಸೋಣ ಎಂದು ಅವರನ್ನೇ ಕೇಳಿ, ಅವರು ಹೇಳಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಅದಕ್ಕೆ ಬದ್ಧರಾಗಿರಿ. ಗಡಿ ತಾವೇ ಹಾಕಿದ್ದು ಅಂದಮೇಲೆ ಹಿರಿಯರು ಎಷ್ಟೋ ಸಡಿಲವಾಗುತ್ತಾರೆ.

ಅವರಿಗೆ ಕೆಲಸವೂ ಇರಲಿ. ಗಲ್ಲಾದಿಂದ ಎಬ್ಬಿಸಿ ಮನೆಗೆ ಕಳಿಸಿದರೆ ಕಾಯಿಲೆ ಬೀಳುತ್ತಾರೆ. ಸಾಮಾನು ಆರಿಸುವುದು, ವ್ಯಾಪಾರಿಗಳ ಹತ್ತಿರ ಮಾತು, ಬೆಳಗಿನ ರುಚಿ ನೋಡುವುದು, ಇವಕ್ಕೆ ಅವರಷ್ಟು ಪಳಗಿದವರು ನಿಮಗೆ ಸಿಗುವುದಿಲ್ಲ. ಇಂತಿಂಥ ವಿಷಯದಲ್ಲಿ ಕೊನೆಯ ಮಾತು ಅಪ್ಪನದು, ಇಂತಿಂಥದರಲ್ಲಿ ನನ್ನದು ಎಂದು ಗೆರೆ ಎಳೆದುಕೊಳ್ಳಿ. ಕೆಲಸಗಾರರ ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ಮುರಿಯಕೂಡದು, ಇದೊಂದು ವಿಷಯದಲ್ಲಿ ರಾಜಿ ಬೇಡ.

ದುಡ್ಡಿನ ಲೆಕ್ಕ ಹೇಗೆ ಹಾಕುವುದು?

ಮನೆಯವರ ಹೋಟೆಲುಗಳಲ್ಲಿ ಲೆಕ್ಕ ತಪ್ಪುವುದು ಎರಡು ಕಡೆ. ಒಂದು, ಮನೆಯವರ ದುಡಿಮೆಗೆ ಸಂಬಳ ಹಾಕಿರುವುದಿಲ್ಲ. ಅಮ್ಮ, ಅತ್ತಿಗೆ, ರಜೆಯಲ್ಲಿ ಬರುವ ಮಕ್ಕಳು, ಯಾರ ಹೆಸರೂ ಪುಸ್ತಕದಲ್ಲಿ ಇರುವುದಿಲ್ಲ. ಎರಡು, ಕಟ್ಟಡ ಸ್ವಂತದ್ದಾದರೆ ಬಾಡಿಗೆ ಸೊನ್ನೆ ಎಂದು ಬರೆದಿರುತ್ತಾರೆ. ಎರಡನ್ನೂ ಹೊರಗಿನವರಿಗೆ ಕೊಡುವ ದರದಲ್ಲೇ ಹಾಕಿ ನೋಡಿ. ಲಾಭ ಎಂದುಕೊಂಡದ್ದು ಅಮ್ಮನ ಸಂಬಳವೇ ಆಗಿತ್ತು ಎಂದು ಎಷ್ಟೋ ಮನೆಗಳಲ್ಲಿ ಆಗ ಗೊತ್ತಾಗುತ್ತದೆ.

ಇನ್ನು ಬದಲಾವಣೆಗೆ ಎಷ್ಟು ಬೇಕು ಅನ್ನುವುದು. ಬಾಡಿಗೆ, ಸಂಬಳ, ಕರೆಂಟು, ಸಾಲದ ಕಂತು ಸೇರಿ ತಿಂಗಳ ಸ್ಥಿರ ಖರ್ಚು 1,30,000 ಎಂದುಕೊಳ್ಳಿ. 100ರ ವ್ಯಾಪಾರದಲ್ಲಿ ಸಾಮಾನಿಗೆ 35 ಹೋಗಿ 65 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಡೆಯಲು ತಿಂಗಳಿಗೆ 2,00,000 ವ್ಯಾಪಾರ ಆಗಬೇಕು. ಮೆನು ಬದಲಾಯಿಸಿದ ಮೇಲೆ ಅದು 1,40,000ಕ್ಕೆ ಇಳಿಯಿತು ಅನ್ನಿ. ಉಳಿಯುವುದು 91,000, ಕೈಯಿಂದ ಹಾಕಬೇಕಾದ್ದು ತಿಂಗಳಿಗೆ 39,000. ಆರು ತಿಂಗಳಿಗೆ 2,34,000. ಹೊಸ ಮೇಜು ಕುರ್ಚಿಗೆ ಕೈಹಾಕುವ ಮೊದಲು ಈ ಮೊತ್ತ ಬೇರೆ ಖಾತೆಯಲ್ಲಿ ಇರಲಿ. ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಬಣ್ಣ, ದೀಪ, ಬೋರ್ಡು ಎಂದು ಇದ್ದದ್ದನ್ನೆಲ್ಲ ಸುರಿದು, ಕೊರತೆಯ ತಿಂಗಳುಗಳಿಗೆ ಏನೂ ಉಳಿಸಿಕೊಳ್ಳದೆ ಕೈಸುಟ್ಟುಕೊಂಡವರೇ ಹೆಚ್ಚು.

ಮನೆ ಅಡವಿಟ್ಟು ಸಾಲ ಮಾಡಬಹುದೇ ಎಂದೂ ಕೇಳುತ್ತಾರೆ. ಬೇಡ. ಮೆನು ಚಿಕ್ಕದು ಮಾಡಲು ಸಾಲ ಬೇಕಾಗುವುದಿಲ್ಲ, ಅಲ್ಲಿಂದ ಶುರುಮಾಡಿ.

ಹತ್ತರಲ್ಲಿ ಒಂಬತ್ತು ಹೋಟೆಲು ಮೊದಲ ವರ್ಷವೇ ಮುಚ್ಚುತ್ತವಂತೆ, ನಿಜವೇ?

ಈ ಮಾತು ಎಲ್ಲೆಡೆ ಓಡಾಡುತ್ತದೆ. ಎಚ್. ಜಿ. ಪಾರ್ಸಾ ಮತ್ತು ಜೊತೆಗಾರರು ಅಮೆರಿಕದ ಓಹಾಯೋದ ಕೊಲಂಬಸ್ ನಗರದ ಹೋಟೆಲುಗಳನ್ನು ಅಭ್ಯಾಸ ಮಾಡಿ 2005ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮೊದಲ ವರ್ಷ ಮುಚ್ಚಿದ್ದು ಅಥವಾ ಕೈ ಬದಲಾದದ್ದು ಸುಮಾರು ಶೇ 26, ಮೂರು ವರ್ಷಕ್ಕೆ ಸುಮಾರು ಶೇ 60. ಅದು ಒಂದು ಊರಿನ ಲೆಕ್ಕ, ಹೊಸ ಹೋಟೆಲುಗಳ ಲೆಕ್ಕ. ಆ ಅಭ್ಯಾಸದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೆ ಒಂದು ಸಂಗತಿ: ಮಾಲೀಕರ ಜೊತೆ ಕೂತು ಮಾತಾಡಿದಾಗ, ಸಂಸಾರಕ್ಕೂ ಹೋಟೆಲಿಗೂ ಹೊತ್ತು ಹೊಂದಿಸಲಾಗದೆ ಬಿಟ್ಟವರು ಮತ್ತೆ ಮತ್ತೆ ಸಿಕ್ಕರು. ಹಾಗಾಗಿ ಹೊಸ ಯೋಜನೆಯಲ್ಲಿ ವಾರದ ರಜೆ ಯಾವತ್ತು, ಮಗುವಿನ ಶಾಲೆಗೆ ಯಾರು ಹೋಗುತ್ತಾರೆ, ರಾತ್ರಿ ಬಾಗಿಲು ಹಾಕುವ ಪಾಳಿ ಯಾರದು ಅನ್ನುವುದನ್ನೂ ಮೆನುವಿನಷ್ಟೇ ಶ್ರದ್ಧೆಯಿಂದ ಬರೆಯಿರಿ. ಕನಸಿನ ಹೋಟೆಲಿಗೆ ವಾರದಲ್ಲಿ ಒಂದು ದಿನ ಬೀಗ ಬೀಳಲಿ.

ಹಳೇ ಗಿರಾಕಿಗಳು ಬಿಟ್ಟುಹೋದರೆ?

ಕೆಲವರು ಹೋಗುತ್ತಾರೆ. ಅವರಿಗೆ ಮೊದಲೇ ಹೇಳಿ, ಬೋರ್ಡು ಬರೆದು ಅಲ್ಲ, ಬಾಯಲ್ಲಿ. ದಿನಾ ಅದೇ ಮೂಲೆಯಲ್ಲಿ ಕೂರುವ ಹಿರಿಯರು, ತಿಂಗಳ ಲೆಕ್ಕದವರು, ಇವರ ಹತ್ತಿರ ಅಪ್ಪನೋ ಅಮ್ಮನೋ ಹೋಗಿ ಮಾತಾಡಿದರೆ ಒಳ್ಳೆಯದು. ಹೊಸ ಅಡುಗೆಯನ್ನು ಮೊದಲು ಅವರಿಗೇ ಬಡಿಸಿ, ಅವತ್ತು ಬಿಲ್ಲು ಬೇಡ. ಒಂದು ಐಟಂ ಅವರಿಗೋಸ್ಕರ ಉಳಿಸಿ ಎಂದು ಕೇಳಿದರೆ ಒಂದನ್ನು ಉಳಿಸಬಹುದು. ಎಲ್ಲರೂ ಒಂದೊಂದು ಕೇಳಿದರೆ ಹಳೇ ಮೆನು ವಾಪಸು ಬಂದ ಹಾಗೆ, ಅಲ್ಲಿ ಗಟ್ಟಿಯಾಗಿರಿ.

ಅಮ್ಮನ ಕೈರುಚಿಯನ್ನು ಹೊಸಬರಿಗೆ ಹೇಗೆ ಕಲಿಸುವುದು? ಅವರಿಗೆ ಅಳತೆಯೇ ಗೊತ್ತಿಲ್ಲ.

ಅಮ್ಮನಿಗೆ ಅಳತೆ ಗೊತ್ತಿದೆ, ಅದು ಅವರ ಕೈಯಲ್ಲಿದೆ. "ಎಷ್ಟು ಹಾಕ್ತೀರಮ್ಮ" ಎಂದು ಕೇಳಿದರೆ "ಸ್ವಲ್ಪ" ಅನ್ನುತ್ತಾರೆ. ಕೇಳಬೇಡಿ, ತೂಗಿ. ಉಪ್ಪಿನ ಡಬ್ಬಿ, ಮಸಾಲೆ ಡಬ್ಬಿ, ಎಣ್ಣೆ ಪಾತ್ರೆ ಒಂದೊಂದನ್ನೂ ಅಡುಗೆಗೆ ಮುಂಚೆ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಅವರು ತಮ್ಮ ಪಾಡಿಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಅವರ ಅಳತೆ. ಬೇರೆ ಬೇರೆ ದಿನ ಹೀಗೆ ಮಾಡಿದರೆ ಅಂಕಿ ಅಚ್ಚರಿಯಾಗುವಷ್ಟು ಹತ್ತಿರ ಹತ್ತಿರ ಬರುತ್ತದೆ. ಜೊತೆಗೆ ಹೊತ್ತು, ಉರಿ, ಬಣ್ಣ, ವಾಸನೆ ಬರೆದುಕೊಳ್ಳಿ. "ಎಣ್ಣೆ ಅಂಚಿನಲ್ಲಿ ಬಿಡುವ ತನಕ" ಅನ್ನುವಂಥ ಮಾತನ್ನು ನಿಮಿಷಕ್ಕೆ ಬದಲಾಯಿಸದೆ ಹಾಗೇ ಬರೆಯಿರಿ, ಒಲೆ ಬದಲಾದರೆ ನಿಮಿಷವೂ ಬದಲಾಗುತ್ತದೆ.

ಒಂದು ಎಚ್ಚರ. ನಾಲ್ಕು ಜನರ ಅಳತೆಯನ್ನು ನಲವತ್ತಕ್ಕೆ ಹತ್ತರಿಂದ ಗುಣಿಸಿದರೆ ನೀರು ಹೆಚ್ಚಾಗುತ್ತದೆ. ಆವಿಯಾಗುವುದು ಪಾತ್ರೆಯ ಬಾಯಿಯಷ್ಟು ಜಾಗದಿಂದ. ದೊಡ್ಡ ಹಂಡೆಯಲ್ಲಿ ಪದಾರ್ಥ ಹತ್ತು ಪಟ್ಟಾದರೂ ಬಾಯಿ ಅಷ್ಟು ಅಗಲವಾಗಿರುವುದಿಲ್ಲ. ನೀರು ಕಡಿಮೆ ಹಾಕಿ ಶುರುಮಾಡಿ. ಖಾರ, ಮಸಾಲೆಯನ್ನೂ ಮುಕ್ಕಾಲು ಹಾಕಿ ರುಚಿ ನೋಡಿ ಮುಂದುವರಿಯಿರಿ.

ಹಳೇ ಕೆಲಸಗಾರರನ್ನು ಏನು ಮಾಡುವುದು?

ಅವರಿಗೆ ಎಲ್ಲರಿಗಿಂತ ಮೊದಲು ತಿಳಿಸಿ. ಸುದ್ದಿ ಗಿರಾಕಿಯ ಬಾಯಿಂದ ಅವರ ಕಿವಿಗೆ ಬೀಳಬಾರದು. ಐಟಂ ಕಡಿಮೆಯಾದರೆ ಕೈ ಕಡಿಮೆ ಸಾಕು ಎಂದು ಲೆಕ್ಕ ಹೇಳಬಹುದು, ಆದರೂ ನಿಮ್ಮ ಜೊತೆ ಕಷ್ಟದಲ್ಲಿ ನಿಂತವರನ್ನು ಕಳಿಸಿ ಕಟ್ಟಿದ ಹೋಟೆಲಿನಲ್ಲಿ ಏನು ಚೆಂದ? ಹೊಸ ಕೆಲಸ ಕಲಿಸಿ, ಕಲಿಯಲು ಸಮಯ ಕೊಡಿ. ಹೋಗುತ್ತೇನೆ ಅನ್ನುವವರಿಗೆ ಬಾಕಿಯನ್ನೆಲ್ಲ ಚುಕ್ತಾ ಮಾಡಿ, ಬೇರೆ ಕಡೆ ಕೆಲಸ ಹುಡುಕಿಕೊಡಿ.

ಹೆಸರು ಬದಲಾಯಿಸಬೇಕೇ?

ಹೆಸರು ಇರಲಿ ಅನ್ನುವುದು ನನ್ನ ಒಲವು. ಫ್ರಾನ್ಸಿನ ಪ್ರಸಿದ್ಧ ಬಾಣಸಿಗ ಪಾಲ್ ಬೊಕೂಸ್ ಅವರ ಅಜ್ಜ 1921ರಲ್ಲಿ ಮನೆತನದ ಹೋಟೆಲನ್ನು ಹೆಸರಿನ ಸಮೇತ ಮಾರಿಬಿಟ್ಟಿದ್ದರು. ಮೊಮ್ಮಗ ತನ್ನ ಹೋಟೆಲಿಗೆ ತನ್ನದೇ ಮನೆತನದ ಹೆಸರು ಇಡುವ ಹಾಗಿರಲಿಲ್ಲ. 1966ರಲ್ಲಿ ಅವರು ಅದನ್ನು ಮರಳಿ ಕೊಂಡರು. ಅಷ್ಟು ಹೊತ್ತಿಗೆ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡಿನ ಅತಿ ಎತ್ತರದ ದರ್ಜೆಯಾದ ಮೂರು ನಕ್ಷತ್ರ ಬಂದಾಗಿತ್ತು, ಹೆಸರಿಲ್ಲದೆ ವ್ಯಾಪಾರವೇನೂ ನಿಂತಿರಲಿಲ್ಲ. ಆದರೂ ಕೊಂಡರು. ನಿಮ್ಮ ಹೆಸರು ಪುಕ್ಕಟೆಯಾಗಿ ನಿಮ್ಮ ಹತ್ತಿರವೇ ಇದೆ.

ಹೋಟೆಲು ಮುಚ್ಚಿ ಬದಲಾಯಿಸಬೇಕೋ, ನಡೆಸುತ್ತಲೇ ಮಾಡಬೇಕೋ?

ಅಡುಗೆಮನೆ ಒಡೆಯುವುದಿದ್ದರೆ ಮುಚ್ಚಿ, ಇಲ್ಲದಿದ್ದರೆ ನಡೆಸುತ್ತಲೇ ಮಾಡಿ. ಮುಚ್ಚಿದರೆ ತೆರೆಯುವ ದಿನವನ್ನು ಬಾಗಿಲ ಮೇಲೆ ಬರೆಯಿರಿ.

ಎಷ್ಟು ದಿನ ಕಾಯಬೇಕು? ಸರಿಹೋಗಲಿಲ್ಲ ಎಂದು ಯಾವಾಗ ಒಪ್ಪಿಕೊಳ್ಳುವುದು?

ಅಪ್ಪನ ಜೊತೆ ಕೂತು ಬರೆದ ಗಡಿ ಇದೆಯಲ್ಲ, ಅಲ್ಲಿಯ ತನಕ. ಅದಕ್ಕೆ ಮುಂಚೆ ಪ್ರತಿ ತಿಂಗಳು ಒಟ್ಟು ವ್ಯಾಪಾರವನ್ನಷ್ಟೇ ನೋಡುತ್ತಾ ಕೂರಬೇಡಿ, ಅದು ಕೊನೆಗೆ ಏರುವ ಅಂಕಿ. ಮೊದಲ ಸಲ ಬಂದವರು ಎರಡನೇ ಸಲ ಬರುತ್ತಿದ್ದಾರೆಯೇ, ಬರುವಾಗ ಇನ್ನೊಬ್ಬರನ್ನು ಕರೆತರುತ್ತಿದ್ದಾರೆಯೇ, ತಟ್ಟೆ ಖಾಲಿಯಾಗಿ ವಾಪಸು ಬರುತ್ತಿದೆಯೇ, ಸಂಜೆ ಎಸೆಯುವ ಅಡುಗೆ ಕಡಿಮೆಯಾಗಿದೆಯೇ, ಇವು ಮೊದಲು ಏರುತ್ತವೆ. ಇವು ಏರುತ್ತಿದ್ದು ಗಲ್ಲಾ ಮಾತ್ರ ಏರದಿದ್ದರೆ ಬೆಲೆಯಲ್ಲೋ ಹೊತ್ತಿನಲ್ಲೋ ತೊಡಕಿದೆ, ಸರಿಮಾಡಬಹುದು. ಇವೂ ಬಿದ್ದಿದ್ದು ಗಡಿಯೂ ಬಂತು ಅಂದರೆ ನಿಲ್ಲಿಸಿ. ಆಗಲೂ ಹಳೇ ಅರವತ್ತು ಐಟಂ ಪೂರ್ತಿ ವಾಪಸು ತರಬೇಡಿ. ಜನ ಕೇಳುತ್ತಿದ್ದ, ದುಡ್ಡೂ ಕೊಡುತ್ತಿದ್ದ ಐಟಂಗಳನ್ನು ಮಾತ್ರ ತನ್ನಿ, ನಿಮ್ಮ ಮನಸ್ಸಿನ ಅಡುಗೆಗೆ ವಾರದ ಒಂದು ಸಂಜೆಯನ್ನು ಮೀಸಲಿಡಿ, ಕೊರತೆಯ ಖಾತೆಗೆ ಮತ್ತೆ ಪ್ರತಿ ತಿಂಗಳು ಇಷ್ಟಿಷ್ಟು ಹಾಕುತ್ತಾ ಬನ್ನಿ.